ಪಿಲ್ ಬದಲಿಸುವ ಮುನ್ನ: ಮೆಥನಾಲ್ ಡ್ರ್ಯಾಗ್ ಎಂಜಿನ್ ಶಕ್ತಿ ಕಳೆದುಕೊಂಡಾಗ ಎಲ್ಲಿಂದ ಹುಡುಕಬೇಕು

ಹಿಂದಿನ ಡ್ರ್ಯಾಗ್ ರೇಸಿನಲ್ಲಿ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯ) ಚೆನ್ನಾಗಿ ಓಡಿದ ಕಾರು ಈ ವಾರ ಕಾಲು ಮೈಲಿಗೆ 0.2 ಸೆಕೆಂಡ್ ತಡವಾಗಿ ಬರುತ್ತಿದೆ. ಸದ್ದಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಹೊಗೆಯಿಲ್ಲ, ಎಲ್ಲೂ ಸೋರುತ್ತಿಲ್ಲ. ಇಂಥ ಹೊತ್ತಿನಲ್ಲಿ ಪಿಟ್‌ನಲ್ಲಿರುವ ಎಲ್ಲರ ಕೈಯೂ ಮೊದಲು ಹೋಗುವುದು ಪಿಲ್ ಡಬ್ಬಿಗೆ. ಪಿಲ್ ಎಂದರೆ ಎಂಜಿನ್‌ಗೆ ಎಷ್ಟು ಇಂಧನ ಹೋಗಬೇಕೆಂದು ನಿರ್ಧರಿಸುವ, ರಂಧ್ರವಿರುವ ಸಣ್ಣ ಬೈಪಾಸ್ ಜೆಟ್. ಬೈಪಾಸ್ ಜೆಟ್ ಒಂದು ಅಳತೆ ದೊಡ್ಡದು ಹಾಕಿ ನೋಡೋಣ, ಆಗದಿದ್ದರೆ ಚಿಕ್ಕದು. ದಿನ ಮುಗಿಯುವ ಹೊತ್ತಿಗೆ ಮೂಲ ಸೆಟ್ಟಿಂಗ್ ಯಾವುದಿತ್ತೆಂಬುದೇ ಯಾರಿಗೂ ನೆನಪಿರುವುದಿಲ್ಲ.

ನಿನ್ನೆ ಸರಿಯಾಗಿದ್ದ ಟ್ಯೂನಿಂಗ್ ಇಂದು ತಾನಾಗಿ ತಪ್ಪಾಗುವುದಿಲ್ಲ. ಒಂದೋ ಗಾಳಿ ಬದಲಾಗಿದೆ, ಇಲ್ಲವೇ ಯಾವುದೋ ಭಾಗ ಸವೆದಿದೆ, ಸಡಿಲವಾಗಿದೆ ಅಥವಾ ಕಟ್ಟಿಕೊಂಡಿದೆ. ಈ ಎಂಜಿನ್‌ನ ಇಂಧನವಾದ ಮೆಥನಾಲ್‌ನ ಗುಣವೂ ಇದನ್ನೇ ಹೇಳುತ್ತದೆ. ಒಂದು ಕಿಲೋ ಮೆಥನಾಲ್ ಪೂರ್ತಿ ಉರಿಯಲು ಸುಮಾರು 6.4 ಕಿಲೋ ಗಾಳಿ ಸಾಕು; ಪೆಟ್ರೋಲಿಗೆ 14.7 ಕಿಲೋ ಬೇಕು. ರೇಸಿನಲ್ಲಿ ಇನ್ನೂ ಧಾರಾಳವಾಗಿ, ಒಂದು ಭಾಗ ಇಂಧನಕ್ಕೆ ಐದು ಭಾಗ ಗಾಳಿ ಅಥವಾ ಅದಕ್ಕೂ ಕಡಿಮೆ ಇರುವಂತೆ ಓಡಿಸುವುದು ರೂಢಿ. ಆ ವಲಯದಲ್ಲಿ ಇಂಧನ ಒಂದಿಷ್ಟು ಹೆಚ್ಚಾದರೂ ಶಕ್ತಿ ದೊಡ್ಡದಾಗಿ ಕುಸಿಯುವುದಿಲ್ಲ. ಹಾಗಿರುವಾಗ 0.2 ಸೆಕೆಂಡಿನ ನಷ್ಟವನ್ನು ಪಿಲ್‌ನ ಒಂದು ಅಳತೆಯ ತಲೆಗೆ ಕಟ್ಟುವುದರಲ್ಲಿ ಅರ್ಥವಿಲ್ಲ.

ಇಲ್ಲಿ ಮನಸ್ಸಿನಲ್ಲಿಟ್ಟುಕೊಂಡಿರುವುದು ಅಮೆರಿಕದ ಬ್ರ್ಯಾಕೆಟ್ ರೇಸಿಂಗ್‌ನಲ್ಲಿ (ತಮ್ಮ ಕಾರಿನ ಸಮಯವನ್ನು ಮೊದಲೇ ಹೇಳಿ ಓಡುವ ಡ್ರ್ಯಾಗ್ ಪಂದ್ಯ) ಸಾಮಾನ್ಯವಾಗಿ ಕಾಣುವ, ಹಿಲ್ಬಾರ್ನ್, ಎಂಡರ್ಲಿ ಅಥವಾ ಕಿನ್ಸ್‌ಲರ್ ಮಾದರಿಯ ಯಾಂತ್ರಿಕ ಇಂಜೆಕ್ಷನ್ ಇರುವ ವಿ8 ಎಂಜಿನ್. ಬ್ಲೋವರ್ (ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇರುವ ಎಂಜಿನ್‌ಗೆ ಬೇರೆಯಾಗುವ ಅಂಶಗಳನ್ನು ಅಲ್ಲಲ್ಲಿ ಹೇಳಿದ್ದೇನೆ.

ವ್ಯವಸ್ಥೆ ಕೆಲಸ ಮಾಡುವ ಬಗೆ

ಈ ಇಂಜೆಕ್ಷನ್‌ನಲ್ಲಿ ಕಂಪ್ಯೂಟರ್ ಇಲ್ಲ, ಸೆನ್ಸರ್ ನೋಡಿ ತೀರ್ಮಾನಿಸುವ ಬುದ್ಧಿಯೂ ಇಲ್ಲ. ಎಂಜಿನ್ನೇ ಪಂಪನ್ನು ತಿರುಗಿಸುತ್ತದೆ, ಸಾಮಾನ್ಯವಾಗಿ ಕ್ಯಾಮ್‌ಶಾಫ್ಟ್ ಮೂಲಕ, ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ. ಎಂಜಿನ್ ವೇಗ ಎರಡು ಪಟ್ಟಾದರೆ ಪಂಪಿನ ಹರಿವೂ ಎರಡು ಪಟ್ಟು. ಆ ಇಂಧನ ಫಿಲ್ಟರ್ ದಾಟಿ, ಥ್ರಾಟಲ್ ಜೊತೆ ಕೊಂಡಿ ಹಾಕಿರುವ ಬ್ಯಾರೆಲ್ ವಾಲ್ವ್ ಮೂಲಕ ಹಾದು, ಪ್ರತಿ ಸಿಲಿಂಡರ್‌ನ ನಾಜಲ್‌ಗೆ ಹಂಚಿಹೋಗುತ್ತದೆ. ಮಿಕ್ಕಿದ್ದು ಮುಖ್ಯ ಬೈಪಾಸ್‌ನ ಜೆಟ್ ಮೂಲಕ ಟ್ಯಾಂಕಿಗೆ ಮರಳುತ್ತದೆ. ಈ ಜೆಟ್ಟನ್ನೇ ಪಿಲ್ ಎನ್ನುವುದು. ಪಿಲ್‌ನ ರಂಧ್ರ ದೊಡ್ಡದಾದಷ್ಟೂ ಟ್ಯಾಂಕಿಗೆ ಮರಳುವ ಪಾಲು ಹೆಚ್ಚು, ಎಂಜಿನ್‌ಗೆ ಸಿಗುವುದು ಕಡಿಮೆ. ಅಂದರೆ ಮಿಶ್ರಣ ಲೀನ್ (ಇಂಧನ ಕಡಿಮೆ). ಚಿಕ್ಕದಾದರೆ ರಿಚ್ (ಇಂಧನ ಹೆಚ್ಚು). ಕೆಲವು ಕಾರುಗಳಲ್ಲಿ ಹೈಸ್ಪೀಡ್ ಬೈಪಾಸ್ ಎಂಬ ಇನ್ನೊಂದು ದಾರಿ ಇರುತ್ತದೆ. ಒತ್ತಡ ಒಂದು ಮಟ್ಟ ಮುಟ್ಟಿದಾಗ ಅದರ ಸ್ಪ್ರಿಂಗ್ ಪಾಪೆಟ್ (ಸ್ಪ್ರಿಂಗ್ ಒತ್ತಿ ಹಿಡಿದಿರುವ ಮುಚ್ಚಳದಂಥ ವಾಲ್ವ್) ತೆರೆದುಕೊಂಡು, ಓಟದ ಕೊನೆಯ ಭಾಗದಲ್ಲಿ ಮಿಶ್ರಣವನ್ನು ಸ್ವಲ್ಪ ಲೀನ್ ಮಾಡುತ್ತದೆ.

ಕೆಲಸಕ್ಕೆ ಕೈಹಾಕುವ ಮೊದಲು

ಮೆಥನಾಲ್‌ನ ಜ್ವಾಲೆ ಹಗಲಿನಲ್ಲಿ ಕಣ್ಣಿಗೆ ಕಾಣುವುದಿಲ್ಲ. 1981ರ ಇಂಡಿಯಾನಾಪೊಲಿಸ್ 500 ಓಟದಲ್ಲಿ ರಿಕ್ ಮಿಯರ್ಸ್ ಅವರ ಕಾರಿಗೆ ಪಿಟ್‌ನಲ್ಲಿ ಬೆಂಕಿ ಹೊತ್ತಿದಾಗ, ಜನ ಏಕೆ ಒದ್ದಾಡುತ್ತಿದ್ದಾರೆಂಬುದೇ ನೋಡುವವರಿಗೆ ತಕ್ಷಣ ತಿಳಿಯಲಿಲ್ಲ. ಅದೇ ವರ್ಷ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಕಳ್ಳಭಟ್ಟಿಯಲ್ಲಿ ಬೆರೆತಿದ್ದದ್ದೂ ಇದೇ ಮೀಥೈಲ್ ಆಲ್ಕೊಹಾಲ್. ಇದು ಚರ್ಮದ ಮೂಲಕವೂ ದೇಹ ಸೇರುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಪೈಪಿಗೆ ಬಾಯಿ ಹಚ್ಚಿ ಎಳೆಯುವ ಅಭ್ಯಾಸವಿದ್ದರೆ ಇಂದೇ ಬಿಡಿ. ಇಂಧನದ ಕೊಳವೆ ಬಿಚ್ಚುವಾಗ ಬ್ಯಾಟರಿ ಸಂಪರ್ಕ ತೆಗೆದಿರಲಿ, ಪಕ್ಕದಲ್ಲಿ ಬಕೆಟ್ ತುಂಬ ನೀರಿರಲಿ. ಮೆಥನಾಲ್ ನೀರಿನಲ್ಲಿ ಕರಗುವುದರಿಂದ ಸಾಕಷ್ಟು ನೀರು ಸುರಿದರೆ ಬೆಂಕಿ ಆರುತ್ತದೆ.

ಮೊದಲು ಟೈಮಿಂಗ್ ಸ್ಲಿಪ್ ಓದಿ

ಸ್ಪ್ಯಾನರ್ ಹಿಡಿಯುವ ಮೊದಲು ಹಳೆಯ ಒಳ್ಳೆಯ ಓಟದ ಸ್ಲಿಪ್ಪನ್ನೂ ಇಂದಿನ ಸ್ಲಿಪ್ಪನ್ನೂ ಪಕ್ಕಪಕ್ಕ ಇಡಿ. ಸ್ಲಿಪ್‌ನಲ್ಲಿ 60, 330, 660, 1000 ಮತ್ತು 1320 ಅಡಿಗಳ ಸಮಯ ಇರುತ್ತದೆ. 660 ಮತ್ತು 1320 ಅಡಿಗಳಲ್ಲಿ ವೇಗವೂ ಇರುತ್ತದೆ. ಒಟ್ಟು ಸಮಯ ನೋಡಬೇಡಿ. ಒಂದು ಗುರುತಿನಿಂದ ಇನ್ನೊಂದಕ್ಕೆ ತೆಗೆದುಕೊಂಡ ಸಮಯವನ್ನು ಕಳೆದು ಬರೆದುಕೊಳ್ಳಿ.

ನಷ್ಟವೆಲ್ಲ ಮೊದಲ 60 ಅಡಿಯಲ್ಲೇ ಆಗಿ, ಕೊನೆಯ ವೇಗ ಹೆಚ್ಚುಕಡಿಮೆ ಹಾಗೇ ಇದ್ದರೆ ಎಂಜಿನ್ ಶಕ್ತಿ ಕಳೆದುಕೊಂಡಿಲ್ಲ. ಟೈರ್, ಟ್ರ್ಯಾಕ್, ಕ್ಲಚ್ ಅಥವಾ ಕನ್ವರ್ಟರ್, ಹೊರಡುವಾಗಿನ ಆರ್‌ಪಿಎಂ ಇವುಗಳನ್ನು ನೋಡಿ. ಅಲ್ಲಿ ಕಳೆದುಕೊಂಡ 0.1 ಸೆಕೆಂಡ್ ಗೆರೆ ಮುಟ್ಟುವ ಹೊತ್ತಿಗೆ ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಅಷ್ಟೆ. ಹೊರಡುವಾಗ ಎಂಜಿನ್ ತಡವರಿಸುತ್ತಿದ್ದರೆ ಮಾತ್ರ ಬ್ಯಾರೆಲ್ ವಾಲ್ವ್‌ನ ಐಡಲ್ ಸೆಟ್ಟಿಂಗ್ ಮೇಲೆ ಅನುಮಾನ ಪಡಬಹುದು.

ಪ್ರತಿ ಹಂತದಲ್ಲೂ ಸ್ವಲ್ಪ ಸ್ವಲ್ಪ ಕಳೆದು, ವೇಗವೂ ಇಳಿದಿದ್ದರೆ ಅದು ನಿಜವಾದ ಶಕ್ತಿನಷ್ಟ: ಗಾಳಿ, ಕಂಪ್ರೆಷನ್, ಇಗ್ನಿಷನ್, ಸತ್ತ ಸಿಲಿಂಡರ್. 660 ಅಡಿಯವರೆಗೆ ಎಲ್ಲ ಸರಿಯಿದ್ದು ಆಮೇಲೆ ಕುಸಿದಿದ್ದರೆ ಅಪಾಯದ ಗಂಟೆ. ಇಂಧನ ಸಾಲುತ್ತಿಲ್ಲ, ಹೈಸ್ಪೀಡ್ ಬೈಪಾಸ್ ಬೇಗ ತೆರೆಯುತ್ತಿದೆ, ಅಥವಾ ವಾಲ್ವ್ ಸ್ಪ್ರಿಂಗ್ ಸೋತಿದೆ. ಇದರ ಕಾರಣ ತಿಳಿಯುವವರೆಗೆ ಮತ್ತೊಂದು ಓಟ ಬೇಡ; ಪಿಸ್ಟನ್ ಕರಗುವುದು ಇಲ್ಲೇ.

ಗಾಳಿಯ ಲೆಕ್ಕ

ಪಂಪ್ ತಿರುಗಿದಷ್ಟು ಇಂಧನ ಕೊಡುತ್ತದೆ. ಗಾಳಿ ತೆಳುವೋ ದಟ್ಟವೋ ಅದಕ್ಕೆ ಗೊತ್ತಿಲ್ಲ. ಕೊಲೊರಾಡೊದ ಡೆನ್ವರ್ ಬಳಿ 1958ರಿಂದ 2023ರವರೆಗೆ ನಡೆದ ಬ್ಯಾಂಡಿಮೀರ್ ಟ್ರ್ಯಾಕ್ ಸಮುದ್ರಮಟ್ಟದಿಂದ ಸುಮಾರು 5,800 ಅಡಿ ಎತ್ತರದಲ್ಲಿತ್ತು. ಆ ಎತ್ತರದಲ್ಲಿ ಸಾಮಾನ್ಯ ವಾತಾವರಣದಲ್ಲೇ ಗಾಳಿಯ ಸಾಂದ್ರತೆ ಸುಮಾರು ಶೇ 16 ಕಡಿಮೆ, ಬಿಸಿಲೇರಿದರೆ ಇನ್ನೂ ಕಡಿಮೆ. ಸಮುದ್ರಮಟ್ಟದ ಪಿಲ್ ಹಾಕಿಕೊಂಡು ಅಲ್ಲಿ ಓಡಿದರೆ ಮಿಶ್ರಣ ಐದನೆಯ ಒಂದು ಭಾಗದಷ್ಟು ರಿಚ್ ಆಗುತ್ತದೆ. ಮೆಥನಾಲ್ ಕೂಡ ಅಷ್ಟನ್ನು ಸಹಿಸುವುದಿಲ್ಲ. ಹಾಗಾಗಿ ಹಳೆಯ ಓಟದ ದಿನದ ಉಷ್ಣಾಂಶ, ಗಾಳಿಯ ಒತ್ತಡ, ಆರ್ದ್ರತೆಗಳನ್ನು ಇಂದಿನ ಅಂಕಿಗಳ ಜೊತೆ ಹೋಲಿಸಿ. ನಷ್ಟಕ್ಕೆ ಗಾಳಿಯೇ ಕಾರಣವಾಗಿದ್ದರೆ ಪಕ್ಕದ ಲೇನಿನವರೂ ನಿಧಾನವಾಗಿರುತ್ತಾರೆ. ಅವರೆಲ್ಲ ಎಂದಿನಂತೆಯೇ ಓಡುತ್ತಿದ್ದರೆ ಗಾಳಿಯನ್ನು ದೂರುವುದು ಬಿಡಿ.

ತಿರುಗುಮುರುಗಾದ ಸಂದರ್ಭವೂ ಇದೆ. ಮಧ್ಯಾಹ್ನದ ಬಿಸಿಲಿಗೆ ಲೀನ್ ಮಾಡಿಟ್ಟು, ರಾತ್ರಿಯ ತಂಪು ಗಾಳಿಯಲ್ಲಿ ಅದನ್ನು ಮರೆತು ಓಡಿಸಿದರೆ ಎಂಜಿನ್ ಮೊದಲು ಚುರುಕಾಗಿ ಓಡುತ್ತದೆ, ಆಮೇಲೆ ಸುಡುತ್ತದೆ.

ಇಂಧನದ ಕ್ಯಾನ್

ಮೆಥನಾಲ್ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತದೆ. ಅರ್ಧ ಖಾಲಿಯಾಗಿ ಮುಚ್ಚಳ ಸಡಿಲವಾಗಿದ್ದ ಕ್ಯಾನಿನ ಇಂಧನವನ್ನು ನಂಬಬೇಡಿ. ಹೈಡ್ರೋಮೀಟರ್‌ನಲ್ಲಿ ಶುದ್ಧ ಮೆಥನಾಲ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 0.791ರಿಂದ 0.792 ತೋರಿಸಬೇಕು. ನೂರಕ್ಕೆ ಒಂದು ಪಾಲು ನೀರು ಸೇರಿದರೆ ಅದು ಸುಮಾರು 0.003 ಏರುತ್ತದೆ. ಆದರೆ ಇಂಧನ 3 ಡಿಗ್ರಿ ತಣ್ಣಗಾದರೂ ಓದು ಅಷ್ಟೇ ಏರುತ್ತದೆ. ಉಷ್ಣಾಂಶ ಅಳೆಯದೆ ಹೈಡ್ರೋಮೀಟರ್ ಅದ್ದಿದರೆ ಇಲ್ಲದ ನೀರು ಕಾಣಿಸುತ್ತದೆ, ಇರುವ ನೀರು ಅಡಗುತ್ತದೆ. ಬಿಸಿಲಿನಲ್ಲಿ 20 ಡಿಗ್ರಿಯಷ್ಟು ಕಾದ ಇಂಧನ ಹಿಗ್ಗುವುದರಿಂದ ಅದೇ ಗಾತ್ರದಲ್ಲಿ ಶೇ 2ಕ್ಕಿಂತ ಸ್ವಲ್ಪ ಹೆಚ್ಚೇ ಕಡಿಮೆ ತೂಕದ ಇಂಧನ ಹೋಗುತ್ತದೆ ಎಂಬುದೂ ನೆನಪಿರಲಿ. ಅನುಮಾನವಿದ್ದರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಹೊಸ ಕ್ಯಾನ್ ಒಡೆಯಿರಿ. ಇದಕ್ಕಿಂತ ಅಗ್ಗದ ಪರೀಕ್ಷೆ ಬೇರೆ ಇಲ್ಲ.

ಎಂಜಿನ್ ಆರೋಗ್ಯ ಮತ್ತು ಕಿಡಿ

ಇಂಜೆಕ್ಷನ್ ಬಿಚ್ಚುವ ಮೊದಲು ಲೀಕ್‌ಡೌನ್ ಪರೀಕ್ಷೆ ಮಾಡಿ, ಅಂದರೆ ಪ್ರತಿ ಸಿಲಿಂಡರ್‌ಗೆ ಗಾಳಿ ತುಂಬಿ ಶೇಕಡಾ ಎಷ್ಟು ಸೋರುತ್ತದೆಂದು ನೋಡಿ. ಎಲ್ಲ ಸಿಲಿಂಡರ್‌ಗಳೂ ಶೇ 10ರೊಳಗಿದ್ದರೆ ನೆಮ್ಮದಿ. ಒಂದು ಸಿಲಿಂಡರ್ ಶೇ 20 ದಾಟಿದ್ದರೆ ಕಾರಣ ಅಲ್ಲೇ ಇದೆ. ಗಾಳಿ ಎಲ್ಲಿಂದ ಹೊರಬರುತ್ತಿದೆ ಎಂದು ಕಿವಿಗೊಡಿ. ಇಂಜೆಕ್ಟರ್ ಗಂಟಲಿನಿಂದ ಬಂದರೆ ಇನ್‌ಟೇಕ್ ವಾಲ್ವ್, ಹೆಡರ್‌ನಿಂದ (ಹೊಗೆ ಹೊರಹೋಗುವ ಕೊಳವೆಗಳು) ಬಂದರೆ ಎಕ್ಸಾಸ್ಟ್ ವಾಲ್ವ್, ಬ್ರೀದರ್‌ನಿಂದ ಬಂದರೆ ರಿಂಗ್. ಮೆಥನಾಲ್ ಸಿಲಿಂಡರ್ ಗೋಡೆಯ ಎಣ್ಣೆಯನ್ನು ತೊಳೆದು ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಬದಲಿಸಿ, ರಿಂಗ್‌ಗಳ ಬಗ್ಗೆ ಯೋಚಿಸಿ. ವಾಲ್ವ್ ಲ್ಯಾಶ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಅಳೆಯಿರಿ. ಒಂದೇ ಒಂದು ವಾಲ್ವ್‌ನ ಲ್ಯಾಶ್ ಮಾತ್ರ ಬಹಳ ಬದಲಾಗಿದ್ದರೆ ಸರಿಪಡಿಸಿ ಸುಮ್ಮನಾಗಬೇಡಿ, ಏಕೆ ಬದಲಾಯಿತೆಂದು ಹುಡುಕಿ. ಸ್ಪ್ರಿಂಗ್‌ನ ಬಲವನ್ನು ಹೆಡ್ ಬಿಚ್ಚದೆಯೇ ಅಳೆಯುವ ಸಾಧನ ಸಿಗುತ್ತದೆ.

ಕಿಡಿಯ ವಿಷಯದಲ್ಲಿ ಮೆಥನಾಲ್ ಉದಾರಿಯಲ್ಲ. ಆವಿಯಾಗಲು ಅದು ಪೆಟ್ರೋಲಿನ ಸುಮಾರು ಮೂರು ಪಟ್ಟು ಶಾಖ ಹೀರುತ್ತದೆ. ತಣ್ಣಗಿನ ಒದ್ದೆ ಮಿಶ್ರಣ ಹೊತ್ತಿಸಲು ಬಲವಾದ ಕಿಡಿ ಬೇಕು. ಟೈಮಿಂಗ್ ಲೈಟ್ ಹಿಡಿದು ಕಿಡಿ ಹಾರುವ ಸಮಯ ಹಳೆಯ ಅಂಕಿಯಲ್ಲೇ ಇದೆಯೇ ನೋಡಿ. ಕಿಡಿಗೆ ವಿದ್ಯುತ್ ಕೊಡುವ ಮ್ಯಾಗ್ನೆಟೊದ ಕ್ಲ್ಯಾಂಪ್ ಜರುಗುವುದು ಅಪರೂಪವಲ್ಲ. ಪ್ಲಗ್ ಗ್ಯಾಪ್, ವೈರ್, ಕ್ಯಾಪ್ ನೋಡಿ. ಮ್ಯಾಗ್ನೆಟೊ ದುರ್ಬಲವಾಗಿದ್ದರೆ ನಿಧಾನಗತಿಯಲ್ಲಿ ಏನೂ ತಿಳಿಯುವುದಿಲ್ಲ, ಭಾರ ಬಿದ್ದಾಗ ಮಾತ್ರ ಕೈಕೊಡುತ್ತದೆ. ಎರವಲು ಮ್ಯಾಗ್ನೆಟೊ ಹಾಕಿ ಒಂದು ಓಟ ನೋಡುವುದು ಬಹಳ ವಾದಗಳನ್ನು ಬೇಗ ಮುಗಿಸುತ್ತದೆ.

ಪ್ಲಗ್‌ನ ಬಣ್ಣ ನೋಡಿ ಮಿಶ್ರಣ ಹೇಳುವ ಪೆಟ್ರೋಲ್ ಪಾಂಡಿತ್ಯ ಇಲ್ಲಿ ನಡೆಯುವುದಿಲ್ಲ. ಮೆಥನಾಲ್ ಮಸಿ ಬಿಡುವುದಿಲ್ಲ, ಪಿಂಗಾಣಿ ಬಿಳಿಯಾಗಿಯೇ ಇರುತ್ತದೆ. ನೋಡಬೇಕಾದದ್ದು ಗ್ರೌಂಡ್ ಎಲೆಕ್ಟ್ರೋಡ್‌ನ ಮೇಲೆ ಶಾಖದಿಂದ ಮೂಡುವ ಬಣ್ಣದ ಗೆರೆ ಎಲ್ಲಿಯವರೆಗೆ ಬಂದಿದೆ ಎಂಬುದನ್ನು, ಮತ್ತು ಎಂಟು ಪ್ಲಗ್‌ಗಳಲ್ಲಿ ಯಾವುದು ಉಳಿದವುಗಳಿಗಿಂತ ಬೇರೆ ಎಂಬುದನ್ನು. ಎಂಜಿನ್ ಚಾಲೂ ಮಾಡಿದ ಕೂಡಲೇ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಹೆಡರ್‌ನ ಪ್ರತಿ ಕೊಳವೆಯನ್ನೂ ಅಳೆಯಿರಿ. ತಣ್ಣಗಿರುವುದು ಸರಿಯಾಗಿ ಉರಿಯುತ್ತಿಲ್ಲ. ಆದರೆ ಅದು ರಿಚ್ ಆಗಿದೆಯೋ, ಲೀನ್ ಆಗಿ ತಪ್ಪುತ್ತಿದೆಯೋ, ಕಿಡಿಯೇ ಇಲ್ಲವೋ ಎಂಬುದನ್ನು ಥರ್ಮಾಮೀಟರ್ ಹೇಳುವುದಿಲ್ಲ. ಎಕ್ಸಾಸ್ಟ್ ಉಷ್ಣಾಂಶದ ಸೆನ್ಸರ್‌ಗೂ ಇದೇ ಮಾತು ಅನ್ವಯಿಸುತ್ತದೆ. ಅಂಕಿ ಕಡಿಮೆ ಕಂಡ ಕೂಡಲೇ ಆ ಸಿಲಿಂಡರ್‌ನ ನಾಜಲ್ ಚಿಕ್ಕದು ಮಾಡುವವರು ಮುಂದಿನ ವಾರ ಹೊಸ ಪಿಸ್ಟನ್ ಹುಡುಕುತ್ತಾರೆ.

ಒತ್ತಡದ ದಾಖಲೆ: ನಿಜವಾದ ಪತ್ತೇದಾರಿಕೆ ಇಲ್ಲಿ

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಇಂಧನ ವ್ಯವಸ್ಥೆಗೆ ಬನ್ನಿ. ಇಂಧನದ ಒತ್ತಡ ದಾಖಲಿಸುವ ಸೆನ್ಸರ್ ಇಲ್ಲದಿದ್ದರೆ ಬೇರೆ ಯಾವ ಹೊಸ ಭಾಗಕ್ಕೂ ಮೊದಲು ಅದನ್ನು ಕೊಳ್ಳಿ.

ಪಂಪಿನ ಹರಿವು ವೇಗಕ್ಕೆ ನೇರ ಅನುಪಾತದಲ್ಲಿ ಏರುತ್ತದೆ. ಸ್ಥಿರ ರಂಧ್ರದ ಮೂಲಕ ಎರಡು ಪಟ್ಟು ಹರಿವು ದಾಟಿಸಲು ನಾಲ್ಕು ಪಟ್ಟು ಒತ್ತಡ ಬೇಕು. ಹಾಗಾಗಿ ಪೂರ್ತಿ ಥ್ರಾಟಲ್‌ನಲ್ಲಿ ಒತ್ತಡ ಆರ್‌ಪಿಎಂನ ವರ್ಗದಂತೆ ಏರಬೇಕು. 8,000 ಆರ್‌ಪಿಎಂನಲ್ಲಿ 100 ಪಿಎಸ್‌ಐ ಇದ್ದರೆ 6,000ದಲ್ಲಿ ಸುಮಾರು 56, 4,000ದಲ್ಲಿ ಸುಮಾರು 25 ಇರಬೇಕು. ನಾಜಲ್‌ಗಳು ಬೂಸ್ಟ್‌ಗೆ (ಬ್ಲೋವರ್ ಹುಟ್ಟಿಸುವ ಗಾಳಿಯ ಒತ್ತಡ) ಎದುರಾಗಿ ಸುರಿಯುವ ಬ್ಲೋವರ್ ಎಂಜಿನ್‌ನಲ್ಲಿ ಲೆಕ್ಕ ಸ್ವಲ್ಪ ಬದಲಾಗುತ್ತದೆ. ಹೈಸ್ಪೀಡ್ ಬೈಪಾಸ್ ತೆರೆದ ಮೇಲೆ ಗೆರೆ ಉದ್ದೇಶಪೂರ್ವಕವಾಗಿಯೇ ಕೆಳಗೆ ಬಾಗುತ್ತದೆ. ಇವೆರಡೂ ಇಲ್ಲದೆ ಗೆರೆ ಬಾಗಿದರೆ ಎಲ್ಲೋ ಇಂಧನ ತಪ್ಪಿಸಿಕೊಳ್ಳುತ್ತಿದೆ, ಅಥವಾ ಪಂಪಿಗೆ ಸಿಗುತ್ತಿಲ್ಲ. ಹಳೆಯ ಒಳ್ಳೆಯ ಓಟದ ದಾಖಲೆಯಿದ್ದರೆ ಇನ್ನೂ ಸುಲಭ. ಅದೇ ಪಿಲ್, ಅದೇ ಆರ್‌ಪಿಎಂ, ಅದೇ ಒತ್ತಡ ಇರಲೇಬೇಕು.

ಒತ್ತಡ ಮೊದಲಿಗಿಂತ ಕಡಿಮೆಯಿದ್ದರೆ ಟ್ಯಾಂಕಿನಿಂದ ಆರಂಭಿಸಿ. ಟ್ಯಾಂಕಿನ ಗಾಳಿರಂಧ್ರ ಕಟ್ಟಿದೆಯೇ? ಶಟ್‌ಆಫ್ ವಾಲ್ವ್ ಪೂರ್ತಿ ತೆರೆದಿದೆಯೇ? ಪಂಪಿಗೆ ಹೋಗುವ ಹೋಸ್ ಹೊರಗಿನಿಂದ ಚೆನ್ನಾಗಿ ಕಂಡರೂ ಒಳಪದರ ಕಳಚಿ ಹೀರಿದಾಗ ಮುಚ್ಚಿಕೊಳ್ಳಬಹುದು. ಬಿಚ್ಚಿ ಒಳಗೆ ನೋಡಿ. ಹೀರುವ ಬದಿಯ ಜೋಡಣೆ ಸಡಿಲವಾಗಿದ್ದರೆ ಇಂಧನ ತೊಟ್ಟಿಕ್ಕುವ ಬದಲು ಗಾಳಿ ಒಳಸೇರುತ್ತದೆ. ಹನಿ ಕಾಣದ ಮಾತ್ರಕ್ಕೆ ಅದನ್ನು ನಿರ್ದೋಷಿ ಎನ್ನಬೇಡಿ. ಮರಳುವ ಇಂಧನ ಹೀರುವ ಬಾಯಿಯ ಪಕ್ಕದಲ್ಲೇ ಸುರಿಯುತ್ತಿದ್ದರೆ ಪಂಪಿಗೆ ನೊರೆ ಸಿಗುತ್ತದೆ. ಮೆಥನಾಲ್ ಸುಮಾರು 65 ಡಿಗ್ರಿಗೇ ಕುದಿಯುತ್ತದೆ. ಹೆಡರ್ ಪಕ್ಕದಲ್ಲಿ ಹಾದುಹೋಗುವ ಹೀರುಕೊಳವೆ ಇದಕ್ಕೆ ಆಹ್ವಾನ ಕೊಟ್ಟಂತೆ. ಆಮೇಲೆ ಪಂಪಿನ ಚಾಲನೆ: ಬೆಲ್ಟ್ ಹಲ್ಲು, ಷಟ್ಕೋನದ ಡ್ರೈವ್ ಶಾಫ್ಟ್ ಸವೆತ. ಕೊನೆಗೆ ಪಂಪನ್ನೇ ಬಿಚ್ಚಿ ಬೆಂಚಿಗೆ ಕಳಿಸಿ, ಹೊಸದಿದ್ದಾಗಿನ ಹರಿವಿನ ಪಟ್ಟಿಯ ಜೊತೆ ಹೋಲಿಸಿ. ಪಂಪಿನ ನಂತರದ ದಾರಿಯಲ್ಲೂ ಕಳ್ಳರಿರುತ್ತಾರೆ. ಬೈಪಾಸ್ ಪಾಪೆಟ್‌ನ ಸೀಟಿನಲ್ಲಿ ಸಿಕ್ಕಿಕೊಂಡ ಕಸ, ಸೋತ ಸ್ಪ್ರಿಂಗ್, ಮೆಥನಾಲ್‌ಗೆ ಹೊಂದದ ರಬ್ಬರಿನ ಉಬ್ಬಿದ ಓ-ರಿಂಗ್, ಕೂರಿಸುವಾಗ ಬಿಟ್ಟುಹೋದ ಪಿಲ್. ಪಾಪೆಟ್ ಎಷ್ಟಕ್ಕೆ ತೆರೆಯುತ್ತದೆ ಎಂಬುದನ್ನು ರೆಗ್ಯುಲೇಟರ್ ಮತ್ತು ಗೇಜ್ ಇರುವ ಗಾಳಿಯ ಪರೀಕ್ಷಕದಿಂದ ಪಿಟ್‌ನಲ್ಲೇ ನೋಡಬಹುದು.

ಒತ್ತಡ ಮೊದಲಿಗಿಂತ ಹೆಚ್ಚಿದ್ದರೆ ಹೆಚ್ಚಿನವರು ಮೋಸ ಹೋಗುತ್ತಾರೆ. ಒತ್ತಡ ಜಾಸ್ತಿ, ಅಂದರೆ ರಿಚ್, ಪಿಲ್ ದೊಡ್ಡದು ಮಾಡೋಣ ಎಂಬುದು ಸಹಜ ಯೋಚನೆ. ಆದರೆ ಸೆನ್ಸರ್‌ನ ನಂತರ ಎಲ್ಲೋ ದಾರಿ ಕಟ್ಟಿರುವುದರಿಂದ ಒತ್ತಡ ಏರಿರಬಹುದು: ಫಿಲ್ಟರ್, ಪೂರ್ತಿ ತೆರೆಯದ ಬ್ಯಾರೆಲ್ ವಾಲ್ವ್, ಮುಚ್ಚಿದ ನಾಜಲ್. ಆಗ ಕೆಲವು ಸಿಲಿಂಡರ್‌ಗಳಾದರೂ ಲೀನ್ ಆಗಿಯೇ ಇರುತ್ತವೆ. ದೊಡ್ಡ ಪಿಲ್ ಹಾಕಿದರೆ ಅವು ಇನ್ನೂ ಲೀನ್ ಆಗುತ್ತವೆ. ಹಿಂದಿರುಗುವ ಕೊಳವೆ ಎಲ್ಲೋ ನುಲಿದಿದ್ದರೆ ಮಾತ್ರ ಏರಿದ ಒತ್ತಡಕ್ಕೆ ನಿಜವಾಗಿ ರಿಚ್ ಎಂಬ ಅರ್ಥ ಬರುತ್ತದೆ.

ಬ್ಲೋವರ್ ಇದ್ದರೆ ಬೂಸ್ಟ್ ದಾಖಲೆಯನ್ನೂ ಪಕ್ಕದಲ್ಲಿಡಿ. ರೋಟರ್‌ನ ಟೆಫ್ಲಾನ್ ಪಟ್ಟಿ ಸವೆದಾಗ ಅಥವಾ ಬೆಲ್ಟ್ ಜಾರಿದಾಗ ಗಾಳಿ ಕಡಿಮೆಯಾಗುತ್ತದೆ, ಇಂಧನ ಹಾಗೇ ಉಳಿಯುತ್ತದೆ. ಎಂಜಿನ್ ರಿಚ್ ಆಗಿ ಮಂದವಾಗುತ್ತದೆ, ತಪ್ಪು ಇಂಜೆಕ್ಷನ್ ಮೇಲೆ ಬರುತ್ತದೆ.

ಬ್ಯಾರೆಲ್ ವಾಲ್ವ್ ಮತ್ತು ನಾಜಲ್

ಡ್ರೈವರ್ ಸೀಟಿನಲ್ಲಿ ಕುಳಿತು, ಬೆಲ್ಟ್ ಬಿಗಿದುಕೊಂಡು, ಪೆಡಲ್ಲನ್ನು ಕೊನೆಯವರೆಗೆ ಒತ್ತಲಿ. ನೀವು ಮೇಲಿನಿಂದ ನೋಡಿ. ಬಟರ್‌ಫ್ಲೈಗಳು (ಗಾಳಿಯ ದಾರಿ ತೆರೆದು ಮುಚ್ಚುವ ತಟ್ಟೆಗಳು) ನೆಟ್ಟಗೆ ನಿಂತಿವೆಯೇ, ಬ್ಯಾರೆಲ್ ವಾಲ್ವ್ ಪೂರ್ತಿ ತೆರೆದಿದೆಯೇ? ಕೈಯಿಂದ ಲಿಂಕ್ ಎಳೆದು ನೋಡುವುದು ಸಾಲದು. ಕೇಬಲ್ ಹಿಗ್ಗುವುದು, ಪೆಡಲ್‌ನ ತಡೆ ಜರುಗುವುದು ಕಾಲಿಟ್ಟಾಗಲೇ ತಿಳಿಯುವುದು. ಲಿಂಕ್‌ನ ಉದ್ದ, ಐಡಲ್‌ನಲ್ಲಿ ಬ್ಯಾರೆಲ್ ವಾಲ್ವ್‌ನ ಲೀಕ್‌ಡೌನ್ ಶೇಕಡಾವಾರು (ಇದು ಸಿಲಿಂಡರ್‌ನದಲ್ಲ, ಈ ವಾಲ್ವ್‌ನದೇ ಅಳತೆ), ಎರಡನ್ನೂ ಬರೆದಿಟ್ಟುಕೊಳ್ಳದೆ ಯಾವ ನಟ್ಟನ್ನೂ ತಿರುಗಿಸಬೇಡಿ.

ನಾಜಲ್‌ಗಳನ್ನು ಸಿಲಿಂಡರ್ ಸಂಖ್ಯೆ ಗುರುತಿಸಿ ಬಿಚ್ಚಿ. ಅಲ್ಯುಮಿನಿಯಂ ಭಾಗಗಳನ್ನು ಮೆಥನಾಲ್ ತಿಂದಾಗ ಏಳುವ ಬಿಳಿ ಪುಡಿ ಮೊದಲು ಬಂದು ಕೂರುವುದು ಇಲ್ಲೇ. ಗಾಳಿ ಮತ್ತು ದ್ರಾವಕದಿಂದ ತೊಳೆಯಿರಿ. ತಂತಿ ಹಾಕಿ ಚುಚ್ಚಿದರೆ ರಂಧ್ರದ ಆಕಾರ ಕೆಡುತ್ತದೆ. ಪೋರ್ಟ್ ನಾಜಲ್‌ನ ಪಕ್ಕದಲ್ಲಿರುವ ಸಣ್ಣ ಗಾಳಿರಂಧ್ರ ಮರೆಯಬೇಡಿ. ಎಲ್ಲವನ್ನೂ ಒಂದೇ ಒತ್ತಡದಲ್ಲಿ ಒಂದೇ ಅವಧಿಗೆ ಹರಿಸಿ ಅಳತೆಯ ಸೀಸೆಗಳಲ್ಲಿ ಹಿಡಿದರೆ ಬೇರೆಯಾಗಿರುವುದು ತಾನಾಗಿ ಕಾಣುತ್ತದೆ.

ಈಗ ಬೇಕಾದರೆ ಪಿಲ್

ದೋಷ ಸಿಕ್ಕಿ ಸರಿಪಡಿಸಿದ ಮೇಲೆ ಹಳೆಯ ಪಿಲ್‌ನಲ್ಲೇ ಒಂದು ಓಟ ಓಡಿಸಿ. ಆಮೇಲೂ ಗಾಳಿಗೆ ತಕ್ಕಂತೆ ಬದಲಿಸಬೇಕೆಂದಿದ್ದರೆ ಲೆಕ್ಕ ಹಾಕಿ ಬದಲಿಸಿ. ಎಂಟು ನಾಜಲ್‌ಗಳ ರಂಧ್ರ ತಲಾ 0.040 ಇಂಚು ಎಂದುಕೊಳ್ಳಿ. ಒಟ್ಟು ವಿಸ್ತೀರ್ಣ ಸುಮಾರು 0.01005 ಚದರ ಇಂಚು. 0.100 ಇಂಚಿನ ಪಿಲ್‌ನ ವಿಸ್ತೀರ್ಣ 0.00785. ಪಂಪ್ ಕೊಟ್ಟದ್ದರಲ್ಲಿ ಎಂಜಿನ್‌ಗೆ ಸೇರುವುದು ಸುಮಾರು ಶೇ 56. ಪಿಲ್ ಅನ್ನು 0.105ಕ್ಕೆ ಏರಿಸಿದರೆ ಅದು ಶೇ 53.7ಕ್ಕೆ ಇಳಿಯುತ್ತದೆ. ಅಂದರೆ ಎಂಜಿನ್‌ಗೆ ಹೋಗುವ ಇಂಧನ ಕಡಿಮೆಯಾದದ್ದು ನೂರಕ್ಕೆ ನಾಲ್ಕು ಪಾಲಿನಷ್ಟು. ಈ ಲೆಕ್ಕ ಅಂದಾಜಿನದು, ಆದರೆ ಗಾಳಿಯ ಸಾಂದ್ರತೆ ಎಷ್ಟು ಬದಲಾಗಿದೆಯೋ ಅಷ್ಟಕ್ಕೆ ಯಾವ ಪಿಲ್ ಹತ್ತಿರ ಎಂದು ಹೇಳಲು ಸಾಕು. ರಿಚ್ ಕಡೆಯಿಂದ ಲೀನ್ ಕಡೆಗೆ ಸಣ್ಣ ಹೆಜ್ಜೆಗಳಲ್ಲಿ ಬನ್ನಿ. ಒಂದು ಓಟಕ್ಕೆ ಒಂದೇ ಬದಲಾವಣೆ. ಪಿಲ್ ಮತ್ತು ಟೈಮಿಂಗ್ ಎರಡನ್ನೂ ಒಟ್ಟಿಗೆ ಬದಲಿಸಿ ಕಾರು ವೇಗವಾದರೆ ಯಾವುದಕ್ಕೆ ಧನ್ಯವಾದ ಹೇಳುತ್ತೀರಿ?

ಸಂಜೆ ಮನೆಗೆ ಹೊರಡುವ ಮೊದಲು ಟ್ಯಾಂಕಿನ ಮೆಥನಾಲ್ ಖಾಲಿ ಮಾಡಿ, ತುಸು ಪೆಟ್ರೋಲ್ ಅಥವಾ ಯಾಂತ್ರಿಕ ಇಂಜೆಕ್ಷನ್‌ಗೆಂದೇ ಮಾರುವ ರಕ್ಷಕ ಎಣ್ಣೆಯನ್ನು ಪಂಪ್, ಬ್ಯಾರೆಲ್ ವಾಲ್ವ್, ನಾಜಲ್‌ಗಳ ಮೂಲಕ ಹರಿಸಿ. ಎಂಜಿನ್ ಎಣ್ಣೆ ಬಿಸಿಯಿರುವಾಗಲೇ ಇಳಿಸಿ. ಮುಂದಿನ ರೇಸಿಗೆ ಮೊದಲ ಬಾರಿ ಚಾಲೂ ಮಾಡುವ ಮುನ್ನ ಫಿಲ್ಟರ್ ಬಿಚ್ಚಿ, ಬಿಳಿ ಬಟ್ಟೆಯ ಮೇಲೆ ಕೊಡವಿ ನೋಡಿ. ಬಿಳಿ ಪುಡಿ, ರಬ್ಬರ್ ಚೂರು, ಲೋಹದ ಹೊಳಪು ಯಾವುದು ಕಂಡರೂ ಅದು ಎಲ್ಲಿಂದ ಬಂತೆಂದು ತಿಳಿದ ಮೇಲೆಯೇ ಕಾರನ್ನು ಲೇನಿಗೆ ತಳ್ಳಿ.